ಔಟೋ ಸೇಫೋ ಅನ್ನೋ ಜಗಳ

1955ನೇ ಇಸವಿ, ಸೆಪ್ಟೆಂಬರ್ 28. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಮೇಲ್ಪಟ್ಟು ಜನ. ಬ್ರೂಕ್ಲಿನ್ ಡಾಜರ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವೆ ವರ್ಲ್ಡ್ ಸೀರೀಸಿನ ಮೊದಲನೇ ಆಟ. ಎಂಟನೇ ಇನಿಂಗ್ಸ್. ಡಾಜರ್ಸ್ 4, ಯಾಂಕೀಸ್ 6. ಮೂರನೇ ಬೇಸಿನಲ್ಲಿ ಜಾಕಿ ರಾಬಿನ್ಸನ್ ಅನ್ನೋ ಕರಿಯ ಆಟಗಾರ ನಿಂತಿದ್ದಾನೆ. 36 ವರ್ಷ ವಯಸ್ಸು, ತಲೆಕೂದಲು ನೆರೆಯೋಕೆ ಶುರುವಾಗಿದೆ, ಮೈ ಭಾರವಾಗಿದೆ. ಯಾಂಕೀಸಿನ ವೈಟಿ ಫೋರ್ಡ್ ಚೆಂಡೆಸೆಯಲು ಕೈ ಎತ್ತಿದ್ದೇ ತಡ, ಈ ಮನುಷ್ಯ ಓಟ ಕಿತ್ತ. ಚೆಂಡು ಬಂದು ಕ್ಯಾಚರ್ ಯೋಗಿ ಬೆರಾನ ಕೈ ಸೇರುವುದಕ್ಕೂ ರಾಬಿನ್ಸನ್ ನೆಲಕ್ಕೆ ಬಿದ್ದು ಜಾರಿ ಕಾಲು ಚಾಚುವುದಕ್ಕೂ ಒಂದೇ ಆಯಿತು. ಅಂಪೈರ್ ಬಿಲ್ ಸಮ್ಮರ್ಸ್ ಎರಡೂ ಕೈ ಅಗಲಿಸಿ 'ಸೇಫ್' ಅಂದ. ಬೆರಾ ಮುಖವಾಡ ಕಿತ್ತು ಅಂಪೈರನ ಮುಂದೆ ಕುಣಿದಾಡಿಬಿಟ್ಟ. ಔಟ್, ಔಟ್, ಔಟ್.

ಅವತ್ತು ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ. ರಾಬಿನ್ಸನ್ 1972ರಲ್ಲಿ ತೀರಿಕೊಂಡ. ಬೆರಾ 2015ರಲ್ಲಿ ಸಾಯುವ ತನಕ ತನ್ನ ಮಾತು ಬದಲಿಸಲಿಲ್ಲ. ಆ ಓಟದ ಚಿತ್ರ ಫಿಲಂನಲ್ಲಿ ಉಳಿದಿದೆ, ಎಷ್ಟು ಸಲ ತಿರುಗಿಸಿದರೂ ಡಾಜರ್ಸ್ ಕಡೆಯವರಿಗೆ ಕಾಲು ಮೊದಲು ಕಾಣುತ್ತೆ, ಯಾಂಕೀಸ್ ಕಡೆಯವರಿಗೆ ಚೆಂಡು ಮೊದಲು ಕಾಣುತ್ತೆ.

ಬೇಸ್‌ಬಾಲ್ ಕಂಡಿಲ್ಲದ ನಮ್ಮ ಹಳ್ಳಿ ಮೇಷ್ಟ್ರುಗಳಿಗಾಗಿ ಎರಡು ಮಾತು. ಚೆಂಡನ್ನು ಬಡಿದವನು ಮೂರು ಬೇಸುಗಳನ್ನು ಸುತ್ತಿ ತಾನು ಹೊರಟ ಜಾಗಕ್ಕೇ ವಾಪಸು ಬಂದು ಕಾಲಿಟ್ಟರೆ ಒಂದು ರನ್. ಆ ಜಾಗಕ್ಕೆ ಅವರು 'ಹೋಮ್' ಅಂತಾರೆ. ನಮ್ಮ ಮಕ್ಕಳು ಕುಂಟೆಬಿಲ್ಲೆಯಲ್ಲಿ 'ಮನೆ' ಅನ್ನೋದಿಲ್ಲವೆ, ಹಾಗೆ. ಸಾಮಾನ್ಯವಾಗಿ ಜೊತೆಗಾರ ಚೆಂಡು ಬಡಿದಾಗ ಓಡಬೇಕು. ಯಾರೂ ಬಡಿಯದೆ, ಎದುರಾಳಿಯ ಕಣ್ಣೆದುರಿಗೇ ಮೂರನೇ ಬೇಸಿನಿಂದ ಮನೆಗೆ ನುಗ್ಗುವುದನ್ನು 'ಮನೆ ಕದಿಯೋದು' ಅಂತಾರೆ. ಆಟದಲ್ಲಿ ಇದಕ್ಕಿಂತ ಕಷ್ಟದ, ಇದಕ್ಕಿಂತ ಕೆಣಕುವ ಕೆಲಸ ಕಮ್ಮಿ. ಓಡುವುದಕ್ಕಿಂತ ಚೆಂಡು ಬೇಗ ಬರುತ್ತೆ, ಅದು ಎಲ್ಲರಿಗೂ ಗೊತ್ತು. ಬಾಗಿಲಲ್ಲೇ ಒಬ್ಬ ಚೆಂಡು ಹಿಡಿದು ಕೂತಿರ್ತಾನೆ.

ನನಗೆ ಈ ಜಗಳದ ಮೇಲೆ ಆಸಕ್ತಿ ಹುಟ್ಟಿದ್ದು ತಾರೀಖಿನಿಂದ. ಸೆಪ್ಟೆಂಬರ್ 28ಕ್ಕೆ ಐದು ದಿನ ಹಿಂದೆ, ಅಂದರೆ 23ನೇ ತಾರೀಖು, ಮಿಸಿಸಿಪಿಯ ಒಂದು ಕೋರ್ಟಿನಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಎಮೆಟ್ ಟಿಲ್ ಅನ್ನೋ 14 ವರ್ಷದ ಕರಿಯ ಹುಡುಗನನ್ನು ಆಗಸ್ಟ್ 28ರ ರಾತ್ರಿ ಮಲಗಿದ್ದವನನ್ನು ಎಬ್ಬಿಸಿ ಎಳಕೊಂಡು ಹೋಗಿ ಕೊಂದು ನದಿಗೆ ಎಸೆದಿದ್ದರು. ಅಂಗಡಿಯಲ್ಲಿ ಬಿಳಿ ಹೆಂಗಸಿನ ಜೊತೆ ಹದ್ದು ಮೀರಿದ ಅನ್ನೋದು ಆರೋಪ. ಹನ್ನೆರಡು ಜನ ಬಿಳಿಯ ಗಂಡಸರ ಪಂಚಾಯ್ತಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಒಳಗೆ ಕೂತು ಬಂದು ಕೊಂದವರಿಬ್ಬರನ್ನೂ ನಿರ್ದೋಷಿ ಅಂತು. ಅವರೇ ಮುಂದೆ ಪತ್ರಿಕೆಯೊಂದರಿಂದ ದುಡ್ಡು ಇಸಕೊಂಡು ಕೊಂದದ್ದನ್ನು ಒಪ್ಪಿಕೊಂಡರು. ಆ ವಾರ ಅಮೆರಿಕದ ಕರಿಯರ ಮನೆಮನೆಯಲ್ಲೂ ರೇಡಿಯೋ ಹಾಕಿದ್ದು ಈ ಎರಡು ಸುದ್ದಿಗಳಿಗೆ. ಬಿಳಿ ಅಂಪೈರ್ ಕರಿಯನ ಪರವಾಗಿ ಕೈ ಅಗಲಿಸಿದ ಆ ಅರೆಕ್ಷಣ ಅವರ ಕಿವಿಗೆ ಹೇಗೆ ಕೇಳಿಸಿರಬೇಕು, ನೀವೇ ಊಹಿಸಿ. ಸ್ಟೇಡಿಯಂನಲ್ಲಿ ಕೂತಿದ್ದ ಅಭಿಮಾನಿ ಅದನ್ನು ಬರೀ ಆಟ ಅಂದುಕೊಂಡಿರಬಹುದು. ಬರೀ ಆಟ ಅನ್ನೋ ಮಾತು ಹೊಟ್ಟೆ ತುಂಬಿದವರದು.

ಎರಡು ತಂಡಗಳ ಕುಲಗೋತ್ರ ನೋಡೋಣ. ಬ್ರೂಕ್ಲಿನ್ ಅಂದರೆ ಯಹೂದಿಗಳು, ಇಟಲಿಯವರು, ಐರಿಷ್ ಜನ, ಕರಿಯರು, ಹಡಗುಕಟ್ಟೆಯ ಕೂಲಿಗಳು ಒತ್ತಾಗಿ ಬದುಕುತ್ತಿದ್ದ ಜಾಗ. ತಮ್ಮ ತಂಡವನ್ನು ಪ್ರೀತಿಯಿಂದ 'ಬಮ್ಸ್' ಅಂತಿದ್ದರು, ಅಂದರೆ ಅಬ್ಬೇಪಾರಿಗಳು. 1941, 1947, 1949, 1952, 1953, ಐದು ಸಲ ಇದೇ ಯಾಂಕೀಸ್ ಎದುರು ವರ್ಲ್ಡ್ ಸೀರೀಸ್ ಆಡಿ ಐದು ಸಲವೂ ಸೋತಿದ್ದರು. 'ಮುಂದಿನ ವರ್ಷ ನೋಡ್ಕೊಳ್ಳೋಣ' ಅನ್ನೋದು ಬ್ರೂಕ್ಲಿನ್ನಿನ ಗಾದೆಯೇ ಆಗಿಹೋಗಿತ್ತು. ಯಾಂಕೀಸ್ ಅಂದರೆ ದುಡ್ಡು, ಗೆಲುವು, ಗತ್ತು. ಯಾಂಕೀಸ್‌ಗೆ ಜೈ ಅನ್ನೋದು ಉಕ್ಕಿನ ಕಂಪನಿಗೆ ಜೈ ಅಂದ ಹಾಗೆ ಅನ್ನೋ ಚೇಷ್ಟೆಯ ಮಾತು ಆ ಕಾಲಕ್ಕೆ ಎಲ್ಲರ ಬಾಯಲ್ಲಿತ್ತು. ಅದರ ಮಾಲೀಕರಲ್ಲೊಬ್ಬ ಡೆಲ್ ವೆಬ್ ದೊಡ್ಡ ಕಂಟ್ರಾಕ್ಟರು. ಎರಡನೇ ಮಹಾಯುದ್ಧದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಲು ಅರಿಜೋನಾದ ಪೋಸ್ಟನ್ನಿನಲ್ಲಿ ಶಿಬಿರ ಕಟ್ಟಿಕೊಟ್ಟದ್ದು ಅವನದೇ ಕಂಪನಿ.

1947ರಲ್ಲಿ ಡಾಜರ್ಸ್ ರಾಬಿನ್ಸನ್‌ನನ್ನು ಕಣಕ್ಕಿಳಿಸಿ ಅರವತ್ತು ವರ್ಷದ ಬಹಿಷ್ಕಾರ ಮುರಿದರು. ಯಾಂಕೀಸ್ ಇನ್ನೂ ಎಂಟು ವರ್ಷ ಅಲುಗಲಿಲ್ಲ. 'ಯೋಗ್ಯ ಕರಿಯ ಸಿಕ್ಕರೆ ತಗೊಳ್ತೀವಿ' ಅಂತಿದ್ದರು. ನಮಗೆ ಚೆನ್ನಾಗಿ ಗೊತ್ತಿರೋ ಮಾತು ಇದು. ವಿಕ್ ಪವರ್ ಅನ್ನೋ ಪೋರ್ಟೊರಿಕೋದ ಕರಿಯ ಹುಡುಗ ಅವರ ಕೆಳಗಿನ ತಂಡಗಳಲ್ಲಿ ಚಚ್ಚಿ ಹಾಕುತ್ತಿದ್ದ. ಮೇಲಕ್ಕೆ ತರಲಿಲ್ಲ. 1953ರ ಕೊನೆಗೆ ಬೇರೆ ತಂಡಕ್ಕೆ ದಾಟಿಸಿದರು. ರಾಬಿನ್ಸನ್ 1952ರಲ್ಲೇ ಟೆಲಿವಿಷನ್ ಮುಂದೆ ಕೂತು, ಯಾಂಕೀಸ್ ಆಡಳಿತದವರಿಗೆ ಬಣ್ಣದ ಪಕ್ಷಪಾತ ಇದೆ ಅಂತ ಹೇಳಿ ಬಿಳಿ ಪತ್ರಕರ್ತರಿಂದ ಬೈಸಿಕೊಂಡಿದ್ದ. ಕಡೆಗೂ 1955ರಲ್ಲಿ ಎಲ್ಸ್ಟನ್ ಹೋವರ್ಡ್ ಅನ್ನೋ ಒಬ್ಬ ಕರಿಯನನ್ನು ಸೇರಿಸಿಕೊಂಡರು. ಫ್ಲಾರಿಡಾದ ತಾಲೀಮಿಗೆ ಹೋದಾಗ ತಂಡ ಹೋಟೆಲಿನಲ್ಲಿ, ಹೋವರ್ಡ್ ಮಾತ್ರ ಊರಾಚೆ ಕರಿಯರ ಕೇರಿಯಲ್ಲಿ.

ಈ ಬಹಿಷ್ಕಾರ ಎಲ್ಲೂ ಬರೆದಿಟ್ಟ ಕಾನೂನಾಗಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಅನ್ನೋ ಕರಿಯ ಟೊಲೀಡೋ ತಂಡದಲ್ಲಿ ದೊಡ್ಡ ಲೀಗ್ ಆಡಿದ್ದ. 1887ರ ಜುಲೈ 14ರಂದು ಕ್ಯಾಪ್ ಆನ್ಸನ್ ಅನ್ನೋ ಆ ಕಾಲದ ದೊಡ್ಡ ಬಿಳಿ ಆಟಗಾರನ ತಂಡ ನೆವಾರ್ಕ್‌ಗೆ ಬಂದಾಗ ಕರಿಯರಾದ ಸ್ಟೋವಿ ಮತ್ತು ವಾಕರ್ ಕಣಕ್ಕಿಳಿಯಲಿಲ್ಲ. ಅದೇ ದಿನ ಇಂಟರ್‌ನ್ಯಾಷನಲ್ ಲೀಗಿನ ಯಜಮಾನರು ಸೇರಿ ಇನ್ನು ಮುಂದೆ ಕರಿಯರ ಜೊತೆ ಕರಾರು ಬೇಡ ಅಂತ ಕೈ ಎತ್ತಿದರು. ಆಮೇಲೆ ಅದಕ್ಕೆ 'ಸಭ್ಯರ ಒಪ್ಪಂದ' ಅಂತ ಹೆಸರು ಬಂತು. ಎಂಥಾ ಸಭ್ಯರು ನೋಡಿ. ನಮ್ಮೂರ ದೇವಸ್ಥಾನದ ಬಾಗಿಲಲ್ಲೂ ಬೋರ್ಡ್ ಇರಲಿಲ್ಲ, ಹೋಟೆಲಿನ ಲೋಟಕ್ಕೂ ಚೀಟಿ ಅಂಟಿಸಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು.

ಇಲ್ಲಿ ಒಂದು ಹೆಸರು ಹೇಳದೆ ಮುಂದೆ ಹೋಗಲಾರೆ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ, ಚಮ್ಮಾರರ ಮಗ. ಪುಣೆಯಲ್ಲಿ ಇಂಗ್ಲಿಷರ ಕ್ರಿಕೆಟ್ ಮೈದಾನ ಗುಡಿಸಿ ನೀರು ಹಾಕುತ್ತಾ ಬೌಲಿಂಗ್ ಕಲಿತವನು. ಹಿಂದೂಗಳ ತಂಡಕ್ಕೆ ಗೆಲುವು ಬೇಕಿತ್ತು, ಸೇರಿಸಿಕೊಂಡರು. ಅವನು ಮುಟ್ಟಿದ ಚೆಂಡನ್ನು ಬ್ರಾಹ್ಮಣರೂ ಮುಟ್ಟಿದರು. ಚಹಾ ಮಾತ್ರ ಹೊರಗೆ ನಿಂತು, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಈ ಮನುಷ್ಯನನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲಿಲ್ಲ. 1923ರಲ್ಲಿ ಅವನ ತಮ್ಮ ವಿಠ್ಠಲ ನಾಯಕನಾಗಬೇಕಾದರೆ ಅಷ್ಟು ವರ್ಷ ಜಗಳ ಆಡಬೇಕಾಯಿತು. ಬಾಳೂವಿನ ಕಥೆಯೇ ಒಂದು ಪುಸ್ತಕದಷ್ಟಿದೆ. ಇರ್ಲಿ, ಬ್ರೂಕ್ಲಿನ್ನಿಗೆ ವಾಪಸು ಹೋಗೋಣ.

ಹೊರಗಿಟ್ಟವರು ಸುಮ್ಮನೆ ಕೂರಲಿಲ್ಲ. 1920ರಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ಅನ್ನೋ ಕರಿಯ ಮುಂದಾಳು ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ. 1924ರಲ್ಲಿ ಕರಿಯರದೇ ವರ್ಲ್ಡ್ ಸೀರೀಸ್ ಆಯಿತು, ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ಮತ್ತು ಹಿಲ್‌ಡೇಲ್ ನಡುವೆ. ಫಿಲಡೆಲ್ಫಿಯಾ, ಬಾಲ್ಟಿಮೋರ್, ಕ್ಯಾನ್ಸಾಸ್ ಸಿಟಿ, ಶಿಕಾಗೋ ಸುತ್ತಿ ಹತ್ತು ಆಟ ಆಡಿದರು. ಒಂದು ಸಮ, ಹಿಲ್‌ಡೇಲ್ ನಾಲ್ಕು, ಮೊನಾರ್ಕ್ಸ್ ಐದು. ಕೊನೆಯ ಆಟದಲ್ಲಿ ಹೋಸೆ ಮೆಂಡೆಸ್ ಅನ್ನೋ ವಯಸ್ಸಾದ ಕ್ಯೂಬಾದ ಆಟಗಾರ ತಾನೇ ಚೆಂಡೆಸೆದು ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಮರುವರ್ಷ ಅವೇ ಎರಡು ತಂಡ ಮತ್ತೆ ಎದುರಾದವು, ಹಿಲ್‌ಡೇಲ್ ಸೇಡು ತೀರಿಸಿಕೊಂಡಿತು. ಯಾವ ತಂಡ ದೊಡ್ಡದು ಅನ್ನೋ ವಾದ ಕರಿಯರ ಕೇರಿಯ ಕ್ಷೌರದಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ, ಶಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಗಳ ಪುಟಗಳಲ್ಲಿ ನಡೆಯುತ್ತಿತ್ತು. ಬಿಳಿಯರ ಪತ್ರಿಕೆಗಳ ಪಾಲಿಗೆ ಅದು ಇದ್ದೂ ಇಲ್ಲದ ಆಟ.

ಬಿಳಿ ಮಾಲೀಕರು ಇವರನ್ನು ಯಾಕೆ ಅಷ್ಟು ವರ್ಷ ಹೊರಗೇ ಇಟ್ಟರು? ಬರೀ ದ್ವೇಷ ಅಂದರೆ ಅರ್ಧ ಸತ್ಯ. ಇನ್ನರ್ಧ ಬಾಡಿಗೆ. 1946ರ ಆಗಸ್ಟಿನಲ್ಲಿ ದೊಡ್ಡ ಲೀಗಿನ ಮಾಲೀಕರ ಸಮಿತಿಯೊಂದು ಗುಟ್ಟಿನ ವರದಿ ಬರೆಯಿತು. ಮುಂದಾಳತ್ವ ಯಾಂಕೀಸಿನ ಲ್ಯಾರಿ ಮ್ಯಾಕ್‌ಫೇಲ್‌ನದು. ಕರಿಯ ತಂಡಗಳಿಗೆ ತಮ್ಮ ಮೈದಾನಗಳನ್ನು ಬಾಡಿಗೆಗೆ ಕೊಟ್ಟು ಯಾಂಕೀಸ್ ವರ್ಷಕ್ಕೆ ಹತ್ತಿರಹತ್ತಿರ ಒಂದು ಲಕ್ಷ ಡಾಲರ್ ಎಣಿಸುತ್ತಿತ್ತು. ಅದು ಆ ವರದಿಯಲ್ಲೇ ಇದೆ. ಕರಿಯ ಆಟಗಾರರು ಬಂದರೆ ಕರಿಯ ಪ್ರೇಕ್ಷಕರೂ ಬರುತ್ತಾರೆ, ಹಾಗಾದರೆ ನಮ್ಮ ಆಸ್ತಿಯ ಬೆಲೆ ಇಳಿಯುತ್ತೆ ಅನ್ನೋ ಭಯವೂ ಅದರಲ್ಲಿದೆ. ಹೊಲ ಉಳೋಕೆ ಬೇಕು, ಜಗುಲಿ ಹತ್ತಬಾರದು. ಜಾತಿಯಾಗಲಿ ಬಣ್ಣವಾಗಲಿ ಲೆಕ್ಕದ ಪುಸ್ತಕ ಬಿಟ್ಟು ಬದುಕೋದಿಲ್ಲ.

ಡಾಜರ್ಸಿನ ಬ್ರಾಂಚ್ ರಿಕಿಯೂ ಧರ್ಮಾತ್ಮ ಮಾತ್ರ ಆಗಿರಲಿಲ್ಲ. ರಾಬಿನ್ಸನ್ ಆಗ ಮೊನಾರ್ಕ್ಸ್ ತಂಡದಲ್ಲಿದ್ದ. ರಿಕಿ ಆ ತಂಡಕ್ಕೆ ಒಂದು ಕಾಸೂ ಕೊಡಲಿಲ್ಲ. ನೆವಾರ್ಕ್ ಈಗಲ್ಸ್ ತಂಡ ನಡೆಸುತ್ತಿದ್ದ ಎಫಾ ಮ್ಯಾನ್ಲಿ ಅನ್ನೋ ಗಟ್ಟಿಗಿತ್ತಿ ಈ ಪುಕ್ಕಟೆ ವ್ಯವಹಾರದ ವಿರುದ್ಧ ಬೀದಿಗಿಳಿದ ಹಾಗೆ ಕೂಗಾಡಿದಳು. ಅವಳ ತಂಡ 1946ರಲ್ಲಿ ಅದೇ ಮೊನಾರ್ಕ್ಸನ್ನು ಏಳು ಆಟಗಳ ಸರಣಿಯಲ್ಲಿ ಸೋಲಿಸಿ ಕರಿಯರ ವರ್ಲ್ಡ್ ಸೀರೀಸ್ ಗೆದ್ದಿತ್ತು. ಮರುವರ್ಷ ರಾಬಿನ್ಸನ್ ಆಟ ನೋಡಲು ಕರಿಯ ಜನ ಬ್ರೂಕ್ಲಿನ್ ರೈಲು ಹತ್ತಿದರು. ಈಗಲ್ಸ್ ಆಟಕ್ಕೆ ಬರುವವರು ಅರ್ಧದಷ್ಟಕ್ಕೆ ಇಳಿದರು. 1948ರ ನಂತರ ಅವಳು ತಂಡ ಮಾರಿದಳು, ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ಕರಿಯ ಮಾಲೀಕರು, ಮ್ಯಾನೇಜರುಗಳು, ಅಂಪೈರುಗಳು, ಲೆಕ್ಕ ಬರೆಯುವವರು, ಎಲ್ಲರೂ ಕೆಲಸ ಕಳಕೊಂಡರು. ಒಳಗೆ ಹೋದವರು ಆಟಗಾರರು ಮಾತ್ರ, ಅದೂ ಬೆರಳೆಣಿಕೆಯಷ್ಟು. ಹಾಗಾದರೆ ರಾಬಿನ್ಸನ್ ಹೋಗಬಾರದಿತ್ತೆ? ಹಾಗನ್ನೋರು ಅವತ್ತೂ ಇದ್ದರು. ನಾನು ಒಪ್ಪೋದಿಲ್ಲ. ಆದರೆ ಬೆಲೆ ಯಾರು ತೆತ್ತರು ಅನ್ನೋ ಲೆಕ್ಕ ಬಿಟ್ಟು ಬರೀ ಜೈಕಾರ ಹಾಕೋ ಇತಿಹಾಸವನ್ನೂ ಒಪ್ಪೋದಿಲ್ಲ.

1955ರ ಆ ಮೊದಲ ಆಟಕ್ಕೆ ಮತ್ತೆ ಬನ್ನಿ. ಡಾಜರ್ಸ್ ಪರವಾಗಿ ಚೆಂಡೆಸೆದವನು ಡಾನ್ ನ್ಯೂಕಂಬ್, ಕರಿಯ. ಎರಡನೇ ಇನಿಂಗ್ಸಿನಲ್ಲಿ ಅವನ ಚೆಂಡನ್ನು ಬೇಲಿಯಾಚೆ ಬಡಿದವನು ಯಾಂಕೀಸಿನ ಹೋವರ್ಡ್, ಅವನೂ ಕರಿಯ, ವರ್ಲ್ಡ್ ಸೀರೀಸಿನಲ್ಲಿ ಅವನು ಬ್ಯಾಟು ಹಿಡಿದ ಮೊದಲ ಸಲ ಅದು. ಈಗ ಕರಿಯ ಅಭಿಮಾನಿ ಯಾರಿಗೆ ಕೈ ತಟ್ಟಬೇಕು? ತನಗೆ ಎಂಟು ವರ್ಷ ಬಾಗಿಲು ಹಾಕಿದ ಮನೆಯೊಳಗೆ ಕೊನೆಗೂ ಕೂತ ಆ ಒಬ್ಬನಿಗೋ, ಆ ಬಾಗಿಲನ್ನು ಬೈದವನಿಗೋ? ಮೀಸಲಾತಿಯಲ್ಲಿ ಮೊದಲ ಸಲ ಗದ್ದುಗೆ ಏರಿದ ನಮ್ಮವನೊಬ್ಬ ಎದುರು ಪಕ್ಷದಲ್ಲಿದ್ದರೆ ನಮ್ಮ ಕೇರಿಯಲ್ಲಿ ನಡೆಯೋ ವಾದ ನೆನಪಾಗುತ್ತೆ. ಇದಕ್ಕೆ ಒಂದೇ ಉತ್ತರ ಇಲ್ಲ.

ಮನೆ ಕದ್ದದ್ದರ ಬಗ್ಗೆ ಇನ್ನೊಂದು ವಾದವೂ ಇದೆ. ಆಟದ ಪಂಡಿತರು ಹೇಳೋದು ಹೀಗೆ: ಎರಡು ರನ್ ಹಿಂದಿದ್ದಾಗ, ಇಬ್ಬರು ಔಟಾಗಿರುವಾಗ, ಒಂದೇ ರನ್ನಿಗೋಸ್ಕರ ಅಷ್ಟು ದೊಡ್ಡ ಜೂಜು ಮೂರ್ಖತನ. ಸಿಕ್ಕಿಬಿದ್ದಿದ್ದರೆ ಇನಿಂಗ್ಸೇ ಮುಗಿಯುತ್ತಿತ್ತು. ಲೆಕ್ಕದ ಪ್ರಕಾರ ಅವರ ಮಾತು ಸರಿ. ಡಾಜರ್ಸ್ ಅವತ್ತು 6-5ರಲ್ಲಿ ಸೋತದ್ದೂ ನಿಜ. ಆದರೆ ಐದು ಸಲ ಸೋತ ತಂಡಕ್ಕೆ ಲೆಕ್ಕಕ್ಕಿಂತ ಬೇರೇನೋ ಬೇಕಿತ್ತು, ತಂಡವನ್ನು ಅಲ್ಲಾಡಿಸಬೇಕಿತ್ತು ಅನ್ನೋ ಅರ್ಥದಲ್ಲಿ ರಾಬಿನ್ಸನ್ ತನ್ನ ಆತ್ಮಕಥೆಯಲ್ಲಿ ಬರೆದ. ಹೋರಾಟ ಮಾಡಿದವರಿಗೆ ಇದು ಅರ್ಥವಾಗುತ್ತೆ. ಕೆರೆಯ ನೀರು ಮುಟ್ಟೋದರಿಂದ ಸಿಕ್ಕಿದ್ದು ಎಷ್ಟು ಕೊಡ ನೀರು ಅಂತ ಮಹಾಡದಲ್ಲಿ ಯಾರೂ ಅಳೆಯಲಿಲ್ಲ.

ಎರಡನೇ ಆಟವನ್ನೂ ಡಾಜರ್ಸ್ ಸೋತರು. ಆಮೇಲೆ ಮೂರು ಗೆದ್ದರು, ಆರನೆಯದು ಸೋತರು. ಅಕ್ಟೋಬರ್ 4, ಏಳನೇ ಆಟ, ಮತ್ತೆ ಯಾಂಕೀ ಸ್ಟೇಡಿಯಂ. ರಾಬಿನ್ಸನ್ ಪೆಟ್ಟಾಗಿ ಹೊರಗೆ ಕೂತಿದ್ದ. ಚೆಂಡೆಸೆದವನು ಜಾನಿ ಪೋಡ್ರೆಸ್, ಕಬ್ಬಿಣದ ಗಣಿ ಕೂಲಿಯ ಮಗ, 23 ವರ್ಷ. ಡಾಜರ್ಸ್ 2-0 ಮುಂದಿದ್ದರು. ಆರನೇ ಇನಿಂಗ್ಸಿಗೆ ಎಡಗಡೆ ಮೈದಾನಕ್ಕೆ ಹೊಸದಾಗಿ ಒಬ್ಬನನ್ನು ಕಳಿಸಿದರು, ಸ್ಯಾಂಡಿ ಅಮೊರೋಸ್, ಕ್ಯೂಬಾದ ಕರಿಯ. ಇಬ್ಬರು ಯಾಂಕೀಗಳು ಬೇಸಿನಲ್ಲಿದ್ದರು. ಬೆರಾ ಎತ್ತಿ ಬಡಿದ ಚೆಂಡು ಗೆರೆಯ ಪಕ್ಕ ಮೂಲೆಗೆ ಬೀಳುತ್ತಿತ್ತು. ಎಲ್ಲಿಂದಲೋ ಓಡಿಬಂದ ಅಮೊರೋಸ್ ಬಲಗೈ ಚಾಚಿದ. ಅವನು ಎಡಚ, ಗವಸು ಇದ್ದದ್ದು ಬಲಗೈಗೆ, ಅದಕ್ಕೇ ಚೆಂಡು ಸಿಕ್ಕಿತು. ತಕ್ಷಣ ತಿರುಗಿ ಎಸೆದ. ಬೇಸಿನಿಂದ ದೂರ ಓಡಿಹೋಗಿದ್ದ ಮ್ಯಾಕ್‌ಡೂಗಲ್ಡ್ ಕೂಡ ಔಟ್. ಯಾಂಕೀಸ್ ಮತ್ತೆ ಮೇಲೇಳಲಿಲ್ಲ. ಕೊನೆಯ ಬ್ಯಾಟು ಹೋವರ್ಡನದು. ನೆಲದ ಮೇಲೆ ಉರುಳಿದ ಚೆಂಡನ್ನು ಪೀ ವೀ ರೀಸ್ ಎತ್ತಿ ಎಸೆದ, ಬ್ರೂಕ್ಲಿನ್ ಗೆದ್ದಿತು. ಅವರ ಜನ್ಮದಲ್ಲಿ ಅದೊಂದೇ ಗೆಲುವು.

ಅಮೊರೋಸ್ ಏನಾದ? ಕ್ಯೂಬಾದಲ್ಲಿ ಇದ್ದಬದ್ದದ್ದು ಕಳಕೊಂಡು 1967ರಲ್ಲಿ ಬರಿಗೈಲಿ ಅಮೆರಿಕಕ್ಕೆ ಬಂದ. ಆಟಗಾರರ ಪಿಂಚಣಿಗೆ ಕೆಲವೇ ದಿನ ಕಮ್ಮಿ ಬೀಳುತ್ತಿತ್ತು. ಡಾಜರ್ಸ್ ಅಷ್ಟು ದಿನ ಅವನ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡರು ಅನ್ನೋದನ್ನು ನ್ಯಾಯವಾಗಿ ಹೇಳಬೇಕು. ಮುಂದೆ ಒಂದು ಕಾಲು ಕಳಕೊಂಡ. 1992ರಲ್ಲಿ ಸತ್ತ.

ಬ್ರೂಕ್ಲಿನ್ ಏನಾಯಿತು? ಗೆದ್ದು ಎರಡೇ ವರ್ಷಕ್ಕೆ, 1957ರ ಕೊನೆಗೆ, ಮಾಲೀಕ ವಾಲ್ಟರ್ ಓ'ಮ್ಯಾಲಿ ತಂಡವನ್ನು ಲಾಸ್ ಏಂಜಲೀಸ್‌ಗೆ ಎತ್ತಿಕೊಂಡು ಹೋದ. ಅಬ್ಬೇಪಾರಿಗಳ ತಂಡ ಅಂದುಕೊಂಡಿದ್ದ ಜನಕ್ಕೆ ಅದು ಒಬ್ಬ ಸಾಹುಕಾರನ ತಂಡ ಅಂತ ಆವಾಗ ಗೊತ್ತಾಯಿತು. ಹೊಸ ಸ್ಟೇಡಿಯಂ ಎದ್ದದ್ದು ಚಾವೆಜ್ ರವೀನ್ ಅನ್ನೋ ಮೆಕ್ಸಿಕನ್ ಬಡವರ ಗುಡ್ಡದ ಮೇಲೆ. ಬಡವರಿಗೆ ಮನೆ ಕಟ್ಟಿಸಿಕೊಡ್ತೀವಿ ಅಂತ ಸರ್ಕಾರದವರು ಮೊದಲೇ ಅವರನ್ನು ಒಕ್ಕಲೆಬ್ಬಿಸಿದ್ದರು. ಮನೆ ಕಟ್ಟಲಿಲ್ಲ, ನೆಲ ಡಾಜರ್ಸ್ ಪಾಲಾಯಿತು. ಉಳಿದುಕೊಂಡಿದ್ದ ಕೊನೆಯ ಸಂಸಾರಗಳನ್ನು 1959ರ ಮೇ 8ರಂದು ಪೋಲೀಸರು ಹೊತ್ತು ಹೊರಗೆ ಹಾಕಿದರು. ರಾಬಿನ್ಸನ್ ಅಷ್ಟು ಹೊತ್ತಿಗೆ ಆಟ ಬಿಟ್ಟಿದ್ದ. 1956ರ ಕೊನೆಗೆ ಅವನನ್ನು ಬದ್ಧ ವೈರಿ ಜಯಂಟ್ಸ್ ತಂಡಕ್ಕೆ ದಾಟಿಸಿದ್ದರು, ಅವನು ಹೋಗಲಿಲ್ಲ. 1972ರಲ್ಲಿ, ಸಾಯೋಕೆ ಒಂಬತ್ತು ದಿನ ಮುಂಚೆ, ವರ್ಲ್ಡ್ ಸೀರೀಸ್ ಮೈದಾನದಲ್ಲಿ ಅವನಿಗೆ ಸನ್ಮಾನ ಮಾಡಿದರು. ಹಾರ ತುರಾಯಿ ಹಾಕಿಸಿಕೊಂಡು ನಗಲಿಲ್ಲ ಅವನು. ದೊಡ್ಡ ಲೀಗಿನಲ್ಲಿ ತಂಡ ನಡೆಸೋ ಜಾಗದಲ್ಲಿ ಒಂದು ಕರಿಯ ಮುಖ ನೋಡಬೇಕು ಅಂದ. ಆಗ ಒಬ್ಬನೂ ಇರಲಿಲ್ಲ.

ಇತ್ತೀಚೆಗೆ ಹೊಸ ಜಗಳ ಎದ್ದಿದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಬೇಸ್‌ಬಾಲ್ ಆಡಳಿತ, 1920ರಿಂದ 1948ರ ತನಕದ ಏಳು ಕರಿಯ ಲೀಗುಗಳೂ ದೊಡ್ಡ ಲೀಗುಗಳೇ ಅಂತ ಒಪ್ಪಿತು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕ ಮುಖ್ಯ ದಾಖಲೆಗೆ ಸೇರಿತು. ಆಗ ನೂರು ವರ್ಷದಿಂದ ಬ್ಯಾಟಿಂಗ್ ಸರಾಸರಿಯಲ್ಲಿ ಮೇಲಿದ್ದ ಬಿಳಿಯ ಟೈ ಕಾಬ್ .367ಕ್ಕೆ ಕೆಳಗಿಳಿದ, ಜಾಶ್ ಗಿಬ್ಸನ್ ಅನ್ನೋ ಕರಿಯ .372ರೊಂದಿಗೆ ಮೇಲೆ ಬಂದ. ಅಭಿಮಾನಿಗಳು ಕೆಂಡವಾದರು. ಗಿಬ್ಸನ್ ಆಡಿದ ಆಟ ಕಮ್ಮಿ, ಎದುರಾಳಿಗಳು ಸಾಲದು, ಅದನ್ನು ಹಿಡಿಯಬಾರದು ಅಂತ. ಸ್ವಾಮಿ, ಆಟ ಕಮ್ಮಿ ಯಾಕಾಯಿತು? ಬಾಡಿಗೆ ಮೈದಾನ ಸಿಕ್ಕ ದಿನ ಲೀಗ್ ಆಟ, ಉಳಿದ ದಿನ ಹೊಟ್ಟೆಪಾಡಿಗೆ ಊರೂರು ಸುತ್ತಿ ಆಡಿದ ಆಟ, ಅದನ್ನು ಬರಕೊಳ್ಳೋಕೆ ಯಾರೂ ಇರಲಿಲ್ಲ. ಎದುರಾಳಿಯ ಮಾತಿಗೆ ಬಂದರೆ, ಕಾಬ್‌ನ ಲೀಗಿನಲ್ಲೂ ಒಬ್ಬ ಕರಿಯ ಚೆಂಡೆಸೆಯುವವ ಇರಲಿಲ್ಲವಲ್ಲ. ಆ ಲೆಕ್ಕ ಮಾತ್ರ ಪೂರ್ತಿ ಹೇಗಾಗುತ್ತೆ?

ಗಿಬ್ಸನ್ 1947ರ ಜನವರಿ 20ರಂದು ಪಿಟ್ಸ್‌ಬರ್ಗಿನಲ್ಲಿ ಸತ್ತ, 35 ವರ್ಷಕ್ಕೆ. ರಾಬಿನ್ಸನ್ ಬ್ರೂಕ್ಲಿನ್ ಮೈದಾನಕ್ಕೆ ಇಳಿಯೋಕೆ ಆಗ ಮೂರು ತಿಂಗಳು ಬಾಕಿ ಇತ್ತು. ಗಿಬ್ಸನ್ನನ ಗುಂಡಿಯ ಮೇಲೆ 1975ರ ತನಕ ಹೆಸರಿನ ಕಲ್ಲೂ ಇರಲಿಲ್ಲ.